ಊರಿನ ನೀರಿನ ಜಾಲಕ್ಕೆ ಕನ್ನಡದಲ್ಲೇ ಪ್ರಶ್ನೆ: ಗ್ರಾಫ್ ದತ್ತಾಂಶಕೋಶಕ್ಕೆ ಎಐ ಸಹಾಯಕವನ್ನು ಜೋಡಿಸುವ ಬಗೆ

(ಅಧ್ಯಯನ ಪಾಠ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ಕುಡಿಯುವ ನೀರು ವಿಭಾಗದ ಅಭಿಯಂತರರು ಹಾಗೂ ಡಾಟಾ ಎಂಟ್ರಿ ಆಪರೇಟರುಗಳ ಉಪಯೋಗಕ್ಕಾಗಿ)

ಪೀಠಿಕೆ

ಮಳೆಗಾಲದ ಒಂದು ಬೆಳಿಗ್ಗೆ ಕೊಳವೆಬಾವಿಯೊಂದರ ನೀರಿನ ಮಾದರಿಯಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಕಂಡುಬಂದಿದೆಯೆಂದು ಪ್ರಯೋಗಾಲಯವು ತಿಳಿಸುತ್ತದೆ ಎಂದು ಭಾವಿಸೋಣ. ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಅದು ಒಂದೂ ಇರಕೂಡದು. ಕೂಡಲೇ ಏಳುವ ಪ್ರಶ್ನೆ ಒಂದೇ: ಈ ನೀರು ಎಲ್ಲೆಲ್ಲಿಗೆ ಹೋಗುತ್ತಿದೆ? ಯಾವ ಅಂಗನವಾಡಿಯ ಮಕ್ಕಳು ಇದನ್ನು ಕುಡಿಯುತ್ತಿದ್ದಾರೆ?

ಉತ್ತರವು ಒಂದೇ ವಹಿಯಲ್ಲಿ ಇರುವುದಿಲ್ಲ. ಕೊಳವೆಬಾವಿಗಳ ವಿವರ ಒಂದು ಕಡೆ, ಓವರ್‌ಹೆಡ್ ಟ್ಯಾಂಕುಗಳದ್ದು ಇನ್ನೊಂದು ಕಡೆ, ಅಂಗನವಾಡಿಗಳ ಪಟ್ಟಿ ಬೇರೊಂದು ಇಲಾಖೆಯಲ್ಲಿ. ಇವೆಲ್ಲವನ್ನು ಬೆಸೆಯುವ ಪೈಪಿನ ದಾರಿ ಮಾತ್ರ ನೀರುಗಂಟಿಯ ನೆನಪಿನಲ್ಲಿ. ಆತ ರಜೆಯಲ್ಲಿದ್ದರೆ ಇಡೀ ಕಚೇರಿಯೇ ಕೈಕಟ್ಟಿ ಕೂರಬೇಕಾಗುತ್ತದೆ. ಈ ದಾರಿಯನ್ನು ದಾಖಲೆಗೆ ತಂದು, ಅದನ್ನು ಕನ್ನಡದಲ್ಲೇ ಪ್ರಶ್ನಿಸುವ ವಿಧಾನವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಗ್ರಾಫ್ ದತ್ತಾಂಶಕೋಶ ಎಂದರೇನು?

ನಾವು ಬಳಸುವ ಬಹುತೇಕ ತಂತ್ರಾಂಶಗಳು ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುತ್ತವೆ. ಈ ಮಾದರಿಯನ್ನು ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದರು. ಗ್ರಾಫ್ ಕೋಶದಲ್ಲಿ ಮಾಹಿತಿಯು ಬಿಂದುಗಳಾಗಿಯೂ ಅವುಗಳ ನಡುವಿನ ಸಂಬಂಧಗಳಾಗಿಯೂ ಇರುತ್ತದೆ. ಇದರ ಗಣಿತವು ಹಳೆಯದು. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಲು ಆಯ್ಲರ್ 1736ರಲ್ಲೇ ಇಂಥ ಚಿಂತನೆಗೆ ನಾಂದಿ ಹಾಡಿದ್ದರು.

ನಮ್ಮ ಉದಾಹರಣೆಯಲ್ಲಿ ಕೊಳವೆಬಾವಿ, ಟ್ಯಾಂಕ್, ವಾಲ್ವ್, ಬೀದಿ, ಶಾಲೆ, ಅಂಗನವಾಡಿ ಇವು ಬಿಂದುಗಳು. "ಪೂರೈಸುತ್ತದೆ" ಎಂಬುದು ಸಂಬಂಧ. ಅದಕ್ಕೆ ದಿಕ್ಕು ಇರುತ್ತದೆ. ವಾಲ್ವ್ ತೆರೆದಿದೆಯೇ, ಟ್ಯಾಂಕಿನ ಸಾಮರ್ಥ್ಯ ಎಷ್ಟು ಎಂಬಿವು ಗುಣಗಳು.

ಕೋಷ್ಟಕಗಳಲ್ಲಿಯೂ ಈ ದಾರಿಯನ್ನು ಹುಡುಕಬಹುದು. ಆದರೆ ಬಾವಿಯಿಂದ ನಲ್ಲಿಯವರೆಗೆ ಒಂದೆಡೆ ಮೂರು ಹಂತಗಳಿದ್ದು ಇನ್ನೊಂದೆಡೆ ಏಳು ಹಂತಗಳಿದ್ದರೆ ಆ ಪ್ರಶ್ನೆಯನ್ನು ಬರೆಯುವುದು ಜಟಿಲವಾಗುತ್ತದೆ. ಗ್ರಾಫ್ ಕೋಶವು ಒಂದು ಬಿಂದುವಿನಿಂದ ಹೊರಟು, ಸಂಬಂಧಗಳನ್ನು ಹಿಡಿದು ಸಾಗುವುದಕ್ಕೆಂದೇ ರೂಪುಗೊಂಡಿದೆ. ನಿಯೋ4ಜೆ ಎಂಬುದು ಇಂಥ ಪ್ರಸಿದ್ಧ ಕೋಶ. ಅದರ ಪ್ರಶ್ನಾಭಾಷೆ ಸೈಫರ್. ಗ್ರಾಫ್ ಕೋಶಗಳಿಗಾಗಿ ಜಿಕ್ಯೂಎಲ್ ಎಂಬ ಪ್ರಶ್ನಾಭಾಷೆಯನ್ನು ಐಎಸ್ಒ ಸಂಸ್ಥೆಯು 2024ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಪ್ರಕಟಿಸಿದೆ.

2. ಎಐ ಸಹಾಯಕವು ಜೋಡಣೆಗೊಳ್ಳುವ ರೀತಿ

ಎಐ ಸಹಾಯಕಕ್ಕೆ ನಮ್ಮ ಕೋಶದಲ್ಲಿ ಏನಿದೆಯೆಂಬುದು ತಾನಾಗಿ ತಿಳಿದಿರುವುದಿಲ್ಲ. ಎರಡರ ನಡುವೆ ಒಂದು ಸೇತುವೆ ಬೇಕು. ಇದಕ್ಕಾಗಿ ಆಂಥ್ರೋಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಇದರನ್ವಯ ಸೇತುವೆಯಂತಿರುವ ಕಿರುತಂತ್ರಾಂಶವು ಸಹಾಯಕಕ್ಕೆ ಕೆಲವು ಉಪಕರಣಗಳನ್ನು ಒದಗಿಸುತ್ತದೆ. ಅವುಗಳಲ್ಲಿ ಮುಖ್ಯವಾದವು ಮೂರು:

ಅ) ಕೋಶದ ರಚನೆಯನ್ನು ತಿಳಿಸುವ ಉಪಕರಣ: ಯಾವ ಬಗೆಯ ಬಿಂದುಗಳು, ಯಾವ ಸಂಬಂಧಗಳು, ಯಾವ ಗುಣಗಳು ಇವೆ ಎಂಬುದು.
ಆ) ಓದುವ ಉಪಕರಣ: ಪ್ರಶ್ನೆಯನ್ನು ನಡೆಸಿ ಉತ್ತರ ತರುವುದು.
ಇ) ಬರೆಯುವ ಉಪಕರಣ: ದಾಖಲೆಯನ್ನು ಸೇರಿಸುವುದು, ತಿದ್ದುವುದು, ಅಳಿಸುವುದು.

ಮೊದಲ ಎರಡು ನಮಗೆ ಸಾಕು. ಮೂರನೆಯದನ್ನು ಮುಚ್ಚಿಯೇ ಇಡತಕ್ಕದ್ದು.

3. ಒಂದು ಪ್ರಶ್ನೆಯ ಪಯಣ

ಸಿಬ್ಬಂದಿಯು ಹೀಗೆ ಕೇಳುತ್ತಾರೆ: "3ನೇ ಸಂಖ್ಯೆಯ ಕೊಳವೆಬಾವಿಯ ನೀರು ಯಾವ ಅಂಗನವಾಡಿಗಳಿಗೆ ತಲುಪುತ್ತದೆ?" ಸಹಾಯಕವು ಮೊದಲು ಕೋಶದ ರಚನೆಯನ್ನು ನೋಡುತ್ತದೆ, ಬಳಿಕ ಪ್ರಶ್ನೆಯನ್ನು ಸೈಫರ್ ಭಾಷೆಗೆ ತಿರುಗಿಸುತ್ತದೆ. ಅದರ ತಿರುಳನ್ನು ಕನ್ನಡದಲ್ಲಿ ತೋರಿಸುವುದಾದರೆ:

(ಕೊಳವೆಬಾವಿ 3)-[:ಪೂರೈಸುತ್ತದೆ*1..8]->(ಅಂಗನವಾಡಿ)

ದುಂಡು ಆವರಣದಲ್ಲಿರುವುದು ಬಿಂದು, ಚೌಕ ಆವರಣದಲ್ಲಿರುವುದು ಸಂಬಂಧ, ಬಾಣವು ನೀರು ಹರಿಯುವ ದಿಕ್ಕು. "1..8" ಎಂದರೆ ಒಂದರಿಂದ ಎಂಟು ಹಂತಗಳವರೆಗೆ ಹುಡುಕು ಎಂದರ್ಥ. ಕೋಶವು ಪಟ್ಟಿಯನ್ನು ಕೊಡುತ್ತದೆ. ಸಹಾಯಕವು ಅದನ್ನು ಕನ್ನಡ ವಾಕ್ಯಗಳಲ್ಲಿ ತಿಳಿಸುತ್ತದೆ. ಪ್ರಶ್ನೆಯ ಬರವಣಿಗೆ ತಪ್ಪಿ ಕೋಶವು ದೋಷವನ್ನು ಸೂಚಿಸಿದರೆ, ಸಹಾಯಕವು ಅದನ್ನು ಓದಿ ತಿದ್ದಿಕೊಂಡು ಮತ್ತೆ ಪ್ರಯತ್ನಿಸಬಲ್ಲದು.

4. ಎಲ್ಲಿ ಎಡವುತ್ತದೆ?

ಈ ಭಾಗವನ್ನು ವಿಶೇಷ ಗಮನವಿಟ್ಟು ಓದಬೇಕು. ದೋಷವನ್ನು ಸೂಚಿಸಿ ನಿಲ್ಲುವ ತಪ್ಪಿಗಿಂತ ಸದ್ದಿಲ್ಲದೆ ನಡೆಯುವ ತಪ್ಪು ಹೆಚ್ಚು ಅಪಾಯಕಾರಿ.

ದಿಕ್ಕಿನ ತಪ್ಪು: ಮೇಲಿನ ಬಾಣ ತಿರುಗಿಬಿದ್ದರೆ ಕೋಶವು ದೋಷವನ್ನು ಸೂಚಿಸುವುದಿಲ್ಲ, ಖಾಲಿ ಪಟ್ಟಿಯನ್ನು ಕೊಡುತ್ತದೆ. ಆಗ ಸಹಾಯಕವು "ಯಾವ ಅಂಗನವಾಡಿಗೂ ತಲುಪುವುದಿಲ್ಲ" ಎಂದು ಹೇಳಿಬಿಡಬಹುದು. ಆ ಮಾತನ್ನು ನಂಬಿ ನಾವು ಸುಮ್ಮನಾದರೆ ಮಕ್ಕಳು ಅದೇ ನೀರನ್ನು ಕುಡಿಯುತ್ತಿರುತ್ತಾರೆ. ಆದುದರಿಂದ ಖಾಲಿ ಉತ್ತರವನ್ನು "ಇಲ್ಲ" ಎಂಬ ಉತ್ತರವೆಂದು ಭಾವಿಸಕೂಡದು.

ಹಂತಗಳ ಮಿತಿ: ಎಂಟು ಹಂತಗಳೆಂದು ಬರೆದಿದ್ದು, ನಿಜವಾದ ದಾರಿ ಒಂಬತ್ತು ಹಂತಗಳದ್ದಾದರೆ ಕೊನೆಯ ಬೀದಿ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಹೆಸರಿನ ಗೊಂದಲ: ಒಬ್ಬರು ತೊಂಬೆ ಎನ್ನುತ್ತಾರೆ, ಇನ್ನೊಬ್ಬರು ಮಿನಿ ಟ್ಯಾಂಕ್ ಎನ್ನುತ್ತಾರೆ. ಕೋಶದಲ್ಲಿ ಒಂದೇ ಹೆಸರಿರಬೇಕು. ಉಳಿದ ಹೆಸರುಗಳನ್ನು ವಿವರಣೆಯಲ್ಲಿ ಬರೆದಿಡಬೇಕು. ಹೊಸಹಳ್ಳಿ ಎಂಬ ಹೆಸರಿನ ಊರುಗಳು ನಾಡಿನಲ್ಲಿ ಅನೇಕವಿವೆ. ಆದ್ದರಿಂದ ಗ್ರಾಮವನ್ನು ಹೆಸರಿನಿಂದಲ್ಲದೆ ಎಲ್‌ಜಿಡಿ ಸಂಕೇತ ಸಂಖ್ಯೆಯಿಂದ ಗುರುತಿಸುವುದು ಕ್ಷೇಮ.

ಹಳೆಯ ದಾಖಲೆ: ಕಳೆದ ಬೇಸಿಗೆಯಲ್ಲಿ ಹೊಸ ಪೈಪು ಹಾಕಿದ್ದು ಕೋಶದಲ್ಲಿ ನಮೂದಾಗದಿದ್ದರೆ, ಎಷ್ಟು ಜಾಣ ಸಹಾಯಕವೂ ಅದನ್ನು ಅರಿಯದು.

5. ಪಾಲಿಸಬೇಕಾದ ಎಚ್ಚರಿಕೆಗಳು

1) ಸಹಾಯಕಕ್ಕೆ ಕೊಡುವ ಲಾಗಿನ್‌ಗೆ ಕೋಶದಲ್ಲಿಯೇ ಓದುವ ಅಧಿಕಾರವನ್ನು ಮಾತ್ರ ಕೊಡಬೇಕು. "ಅಳಿಸಬೇಡ" ಎಂದು ಸಹಾಯಕಕ್ಕೆ ಮಾತಿನಲ್ಲಿ ಹೇಳಿದರೆ ಸಾಲದು.

2) ಪ್ರತಿ ಉತ್ತರದೊಡನೆ, ನಡೆಸಿದ ಸೈಫರ್ ಪ್ರಶ್ನೆಯನ್ನೂ ತೋರಿಸುವಂತೆ ಕೇಳಬೇಕು. ಪ್ರಶ್ನೆಯನ್ನು ತೋರಿಸದ ಉತ್ತರವು ಬರಿಯ ಊಹೆಯಾಗಿರಬಹುದು.

3) ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಫಲಾನುಭವಿಗಳ ಹೆಸರು ಈ ಕೋಶದಲ್ಲಿ ಇರಬಾರದು. ಸಹಾಯಕವು ಹೊರಗಿನ ಸರ್ವರಿನಲ್ಲಿ ಕೆಲಸ ಮಾಡುವಾಗ ನಮ್ಮ ಪ್ರಶ್ನೆಯೂ ಕೋಶದ ಉತ್ತರವೂ ಅಲ್ಲಿಗೆ ಹೋಗುತ್ತವೆ. ನೀರಿನ ದಾರಿಯನ್ನು ತಿಳಿಯಲು ಮನೆಯ ಯಜಮಾನರ ಹೆಸರು ಬೇಕಾಗಿಲ್ಲ.

4) ಉತ್ತರ ಗೊತ್ತಿರುವ ಹತ್ತು ಪ್ರಶ್ನೆಗಳನ್ನು ಮೊದಲೇ ಸಿದ್ಧಪಡಿಸಿಕೊಂಡು ಪರೀಕ್ಷಿಸಬೇಕು. ರಚನೆ ಬದಲಾದಾಗಲೆಲ್ಲ ಇದೇ ಪರೀಕ್ಷೆಯನ್ನು ಪುನರಾವರ್ತಿಸಬೇಕು.

5) ಸಂದೇಹವಿದ್ದಲ್ಲಿ ಮೊದಲು ನೀರು ನಿಲ್ಲಿಸಿ, ಬದಲಿ ವ್ಯವಸ್ಥೆ ಮಾಡಿ, ಆಮೇಲೆ ಪಟ್ಟಿಯನ್ನು ತಾಳೆ ನೋಡಬೇಕು.

ಅಭ್ಯಾಸ

ತಮ್ಮ ಪಂಚಾಯಿತಿಯ ಒಂದು ಕೊಳವೆಬಾವಿಯನ್ನು ಆರಿಸಿಕೊಳ್ಳಿ. ನೀರುಗಂಟಿಯವರೊಂದಿಗೆ ನಡೆದು ಹೋಗಿ, ಪ್ರತಿ ಟ್ಯಾಂಕ್, ವಾಲ್ವ್ ಮತ್ತು ಬೀದಿಯನ್ನು ಒಂದು ಹಾಳೆಯಲ್ಲಿ ದುಂಡುಗುರುತಿನಿಂದ ಬರೆದು, ನೀರು ಹರಿಯುವ ಕಡೆಗೆ ಬಾಣ ಎಳೆಯಿರಿ. ಅನಂತರ ಈ ಮೂರು ಪ್ರಶ್ನೆಗಳಿಗೆ ಹಾಳೆಯಿಂದಲೇ ಉತ್ತರಿಸಿ: ಈ ಬಾವಿ ಬತ್ತಿದರೆ ನೀರಿಲ್ಲದಾಗುವ ಶಾಲೆಗಳು ಯಾವುವು? ಎರಡು ಬಾವಿಗಳಿಂದ ನೀರು ಪಡೆಯುವ ಬೀದಿ ಯಾವುದು? ಯಾವ ಒಂದು ವಾಲ್ವ್ ಮುಚ್ಚಿದರೆ ಅತಿ ಹೆಚ್ಚು ಮನೆಗಳಿಗೆ ನೀರು ನಿಲ್ಲುತ್ತದೆ?

ಆ ಹಾಳೆಯೇ ತಮ್ಮ ಮೊದಲ ಗ್ರಾಫ್. ಗಣಕಯಂತ್ರಕ್ಕೆ ಏರಿಸುವ ಕೆಲಸ ಅನಂತರದ್ದು. ಅದು ಸರಿಯಾಗಿದ್ದರೆ ಸಹಾಯಕವು ಕೊಡುವ ಉತ್ತರವನ್ನು ತಾಳೆ ನೋಡಬಹುದು. ಅದೇ ತಪ್ಪಾಗಿದ್ದರೆ ಯಾವ ತಂತ್ರಜ್ಞಾನವೂ ಅದನ್ನು ಸರಿಪಡಿಸಲಾರದು. ನೀರುಗಂಟಿಯವರ ನೆನಪಿನಲ್ಲಿರುವ ಜ್ಞಾನವು ದಾಖಲೆಯಾಗಿ ಉಳಿದು, ಅವರಿಲ್ಲದ ದಿನವೂ ಊರಿಗೆ ಒದಗಬೇಕೆಂಬುದೇ ಈ ಪಾಠದ ಆಶಯ.