ಖಿನ್ನ ಮನಸ್ಸಿಗೆ ಮೂಕಪ್ರಾಣಿಯ ಸಂಗ

ಮನೆಯ ಹಿರಿಯರೊಬ್ಬರು ಊಟ-ನಿದ್ರೆಗಳಲ್ಲಿ ಆಸಕ್ತಿ ಕಳೆದುಕೊಂಡು ಮೂಲೆ ಹಿಡಿದು ಕುಳಿತರೆ, ಕುಷ್ಟಗಿ-ಯಲಬುರ್ಗಾ ಸೀಮೆಯ ನಮ್ಮ ಹಳ್ಳಿಗಳಲ್ಲಿ ‘ವಯಸ್ಸಾಯಿತು’ ಎಂದು ಸುಮ್ಮನಾಗುವುದುಂಟು. ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ಎರಡು ವಾರ ಮೀರಿದರೆ ವೈದ್ಯರಿಗೆ ತೋರಿಸತಕ್ಕದ್ದು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಇಂಥ ಚಿಕಿತ್ಸೆ ಸಾಧ್ಯವೆಂಬುದನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು.

ಚಿಕಿತ್ಸೆಯ ಜೊತೆಗೆ ಸಾಕುಪ್ರಾಣಿಯೊಂದನ್ನು ತರಬಹುದೇ? ಈ ವಿಚಾರ ಹೊಸದಲ್ಲ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1796ರಲ್ಲಿ ತೆರೆದ ‘ರಿಟ್ರೀಟ್’ ಎಂಬ ಮನೋರೋಗಿಗಳ ಆಶ್ರಯಧಾಮದ ಅಂಗಳದಲ್ಲಿ ಮೊಲ, ಕೋಳಿಗಳನ್ನು ಸಾಕಿದ್ದರು. ಆದರೆ ಪ್ರಾಣಿಯೊಂದೇ ಖಿನ್ನತೆಯನ್ನು ನೀಗುತ್ತದೆಂಬುದು ಸಿದ್ಧವಾಗಿಲ್ಲ. ಸಂಶೋಧನೆಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ.

ಅದರ ಉಪಕಾರ ಬೇರೆಯದು. ಪ್ರಾಣಿಗೆ ಹೊತ್ತಿಗೆ ಸರಿಯಾಗಿ ನೀರು-ಮೇವು ಬೇಕು. ಹಾಸಿಗೆ ಬಿಡಲೊಲ್ಲದವರೂ ಕೆಲವೊಮ್ಮೆ ಅದಕ್ಕಾಗಿ ಎದ್ದಾರು. ಒಕ್ಕಲುತನದ ಮನೆಗೆ ಹೊಸ ನಾಯಿಮರಿಯೇ ಬರಬೇಕೆಂದಿಲ್ಲ. ಗೋದಲಿಯಲ್ಲಿರುವ ಕರುವಿಗೆ ಹುಲ್ಲು ಹಾಕುವ ಕೆಲಸವನ್ನು ಮರಳಿ ಅವರ ಕೈಗೆ ಕೊಟ್ಟರೂ ಸಾಕಾದೀತು. (ದನಗಳನ್ನು ಮಾರಿ ತಂದೆಯನ್ನು ಪಟ್ಟಣಕ್ಕೆ ಕರೆದೊಯ್ಯುವ ಮಕ್ಕಳು ಅವರಿಂದ ಕಸಿದುಕೊಳ್ಳುವುದೂ ಇದನ್ನೇ ಅಲ್ಲವೆ?)

ತರುವುದಾದರೆ ರೋಗಿಯನ್ನು ಕೇಳಿಯೇ ತರಬೇಕು. ಅವರಿಂದ ಆಗದ ದಿನ ಆರೈಕೆ ಯಾರದೆಂಬುದು ಮೊದಲೇ ನಿಶ್ಚಯವಾಗಿರಲಿ. ಇಲ್ಲವಾದರೆ ಹಸಿದ ಪ್ರಾಣಿಯ ಕೂಗು ಅವರ ಅಪರಾಧಭಾವವನ್ನೇ ಹೆಚ್ಚಿಸೀತು. ಮುಧೋಳದ ತಳಿ ಓಟ ಬೇಡುವ ಬೇಟೆನಾಯಿ, ವೃದ್ಧರಿಗೆ ಹೊಂದುವುದು ಕಷ್ಟ. ಯಾವ ನಾಯಿಗೂ ರೇಬೀಸ್ ಲಸಿಕೆ ತಪ್ಪಕೂಡದು.

‘ಬದುಕು ಸಾಕು’ ಎಂಬ ಮಾತು ಬಂದಾಗ ಮಾತ್ರ ಪ್ರಾಣಿಯ ವಿಚಾರವನ್ನು ಬದಿಗಿರಿಸಿ, ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಉಚಿತ ಸಲಹೆ ದೊರೆಯುತ್ತದೆ.