ವಡೆ ಕಟ್ಟಿದ ಕಾಗದ

ಸೋಮನಹಳ್ಳಿ ಮದ್ದೂರು ತಾಲ್ಲೂಕಿನ ಊರು. ಮುಖ್ಯಮಂತ್ರಿ ಆಗಿದ್ದ ಎಸ್.ಎಂ. ಕೃಷ್ಣ ಅವರ ಊರು. ಅವರ ಕಾಲದಲ್ಲಿ ನಮ್ಮ ಪಹಣಿ ಕಂಪ್ಯೂಟರಿಗೆ ಹತ್ತಿತು. ಈಗ ಪಹಣಿ ಒಂದೇ ಅಲ್ಲ. ನಮ್ಮ ಹೆಸರು, ಫೋಟೋ, ಹೆಬ್ಬೆಟ್ಟು ಎಲ್ಲವೂ ಕಂಪ್ಯೂಟರಿನಲ್ಲಿವೆ.

ಈ ಊರಿನ ಒಬ್ಬ ದೊಡ್ಡವ್ವನ ಕತೆ ಕೇಳಿ. ದೊಡ್ಡವ್ವ ಹೊಸದಾಗಿ ಅಕ್ಷರ ಕಲಿತವರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾರೆ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಬೆಂಕಿಪೊಟ್ಟಣ, ಒಂದೂ ಬಿಡುವುದಿಲ್ಲ. ಒಂದು ಸಂಜೆ ಮೊಮ್ಮಗ ವಡೆ ತಂದ. ವಡೆ ತಿಂದರು. ಕಾಗದ ಬಿಡಿಸಿ ಓದಿದರು. ಎಣ್ಣೆ ಕಲೆಯ ಕೆಳಗೆ ಒಂದು ಮುಖ. ಪಕ್ಕದ ಬೀದಿಯ ಸೊಸೆಯ ಮುಖ! ಹೆಸರು, ವಿಳಾಸ, ಆಧಾರ್‌ನ 12 ಅಂಕಿ, ಎಲ್ಲ ಚೆನ್ನಾಗಿ ಕಾಣುತ್ತಿತ್ತು.

ದೊಡ್ಡವ್ವ ನೆಟ್ಟಗೆ ಜೆರಾಕ್ಸ್ ಅಂಗಡಿಗೆ ಹೋದರು.

"ಏನಪ್ಪಾ, ಇದು ನಿನ್ ಅಂಗ್ಡೀದಾ?"

"ಹೂಂ ಕಣ್ ದೊಡ್ಡವ್ವ. ಓರೆಯಾಗಿ ಬಂದಿತ್ತು. ರದ್ದಿಗೆ ಹಾಕ್ಬಿಟ್ಟೆ."

"ನಿಂಗೆ ರದ್ದಿ. ಆ ಹೆಣ್ಮಗಳಿಗೂ ರದ್ದಿಯಾ? ನಿನ್ ಫೋನಲ್ಲಿ ಇಂಥವು ಇನ್ನೆಷ್ಟವೆ?"

ಹುಡುಗ ಫೋನು ತೆಗೆದು ನೋಡಿದ. ವಾಟ್ಸಾಪ್‌ನಲ್ಲಿ ಊರಿಗೆ ಊರೇ ಇತ್ತು. ಪಾಸ್‌ಬುಕ್, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ. ಮೂರು ವರ್ಷದಿಂದ ಒಂದನ್ನೂ ಅಳಿಸಿರಲಿಲ್ಲ.

ಅವತ್ತು ರಾತ್ರಿ ಕಲಿಕಾ ಕೇಂದ್ರದಲ್ಲಿ ಇದೇ ಮಾತು. ಮೇಷ್ಟ್ರು ಹೇಳಿದರು:

"ಕೆ.ಎಸ್. ಪುಟ್ಟಸ್ವಾಮಿ ಅಂತ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಇದ್ದರು. ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂದರು. 2023ರಲ್ಲಿ ಅದಕ್ಕೊಂದು ಕಾನೂನೂ ಬಂತು."

"ಕಾನೂನು ಏನಂತದೆ ಮೇಷ್ಟ್ರೇ?"

"ಗ್ರಾಹಕರ ವಿವರ ಯಾಕೆ ಬೇಕು ಅಂತ ಮೊದಲೇ ಹೇಳಬೇಕು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳಬೇಕು. ಒಪ್ಪಿಗೆ ಪಡೀಬೇಕು. ಕೊಟ್ಟ ಒಪ್ಪಿಗೇನ ಗ್ರಾಹಕರು ವಾಪಸ್ ತಗೋಬಹುದು. ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೋ ಅನ್ನದಿದ್ದರೆ, ಅಳಿಸಬೇಕು. ವಿವರ ಸೋರಿಹೋದರೆ ಗ್ರಾಹಕರಿಗೂ ಸರ್ಕಾರ ನೇಮಿಸಿದ ಮಂಡಳಿಗೂ ತಿಳಿಸಬೇಕು. ಭದ್ರವಾಗಿ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ."

ಅಂಗಡಿ ಹುಡುಗ ಬೆವೆತುಹೋದ. ಜೆರಾಕ್ಸ್ ಅಂಗಡಿಗೆ ಅಷ್ಟು ಹಾಕುತ್ತಾರೆ ಎಂದಲ್ಲ. ತಪ್ಪಿನ ತೂಕ ನೋಡಿ ಮಂಡಳಿ ದಂಡ ಹಾಕುತ್ತದೆ. ಕಾನೂನಿನ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಸಿದ್ಧವಾಗಲು ಅಂಗಡಿ, ಕಂಪನಿಗಳಿಗೆ 18 ತಿಂಗಳು ಕಾಲ ಕೊಟ್ಟಿದ್ದಾರೆ. ಅಷ್ಟು ಕಾಲ ಯಾಕೋ! ಅಳಿಸಲು ಒಂದು ಬೆರಳು ಸಾಕು.

ಇನ್ನೊಂದು ಮಾತು. ಈ ಕಾನೂನು ಫೋನು, ಕಂಪ್ಯೂಟರಿಗೆ ಹತ್ತಿದ ವಿವರಕ್ಕೆ ಮಾತ್ರ. ಬರೀ ಕಾಗದದಲ್ಲೇ ಉಳಿದ ವಿವರಕ್ಕೆ ಅಲ್ಲ. ವಡೆ ಕಟ್ಟಿದ ಕಾಗದವನ್ನು ನಾವೇ ಕಾಯಬೇಕು.

"ಕಾಗದ ಸಿಕ್ಕಿದರೆ ದುಡ್ಡು ಹೋಯ್ತದಾ?" ಸೊಸೆ ಕೇಳಿದಳು. ಅವಳ ಖಾತೆಗೆ ಗೃಹಲಕ್ಷ್ಮಿ ಹಣ ಬರುತ್ತದೆ.

ಬರೀ ಅಂಕಿಯಿಂದ ಹೋಗುವುದಿಲ್ಲ. ಜೊತೆಗೆ ಹೆಬ್ಬೆಟ್ಟು ಸಿಕ್ಕಿದರೆ ಹೋಗುತ್ತದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಹೀಗಾಯಿತು. ಆಸ್ತಿ ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತು ಕದ್ದು, ಜನರ ಖಾತೆಯಿಂದ ಹಣ ತೆಗೆದರು. ನಾವು ಹೆಬ್ಬೆಟ್ಟು ಬಿಟ್ಟು ರುಜು ಕಲಿತೆವು. ಕಳ್ಳರು ಹೆಬ್ಬೆಟ್ಟು ಹಿಡಿದರು!

ಅದಕ್ಕೂ ಬೀಗ ಉಂಟು. ಆಧಾರ್ ಕೇಂದ್ರದಲ್ಲಿ ಅಥವಾ ಮೊಬೈಲಿನಲ್ಲಿ ಹೆಬ್ಬೆಟ್ಟಿಗೆ ಬೀಗ ಹಾಕಿಸಬಹುದು. ಬೇಕಾದಾಗ ತೆಗೆಯಬಹುದು. ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಮಾರನೇ ದಿನ ಸೊಸೆ ಆಧಾರ್ ಕೇಂದ್ರಕ್ಕೆ ಹೋದಳು. ಹುಡುಗ ಅಂಗಡಿಯಲ್ಲಿ ಕತ್ತರಿ ತಂದಿಟ್ಟ. ಕೆಟ್ಟ ಪ್ರತಿಯನ್ನು ಗಿರಾಕಿ ಎದುರಿಗೇ ಕತ್ತರಿಸುತ್ತಾನೆ. ವಡೆ ಅಂಗಡಿಯವರು ರದ್ದಿ ಸಿಗಲಿಲ್ಲ ಎಂದು ಗೊಣಗಿದರು. ಈಗ ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಾರೆ.

ಓದಿ, ಬರೆಯಿರಿ: ಒಪ್ಪಿಗೆ, ಖಾಸಗಿತನ, ಹೆಬ್ಬೆಟ್ಟು, ದಂಡ, ಹಕ್ಕು.

ಕೇಳಿ ಬನ್ನಿ: ನಿಮ್ಮೂರಿನ ಜೆರಾಕ್ಸ್ ಅಂಗಡಿಯ ಕೆಟ್ಟ ಪ್ರತಿ ಎಲ್ಲಿಗೆ ಹೋಗುತ್ತದೆ?