ಹೊಸ ಚಿತ್ರ, ನಾಲ್ಕು ಸಾಲಿನ ಅಭಿಪ್ರಾಯ: ಪರೀಕ್ಷೆಗೆ ಮುಖ್ಯಾಂಶಗಳು

ಯಾದಗಿರಿ, ಶಹಾಪುರ, ಸುರಪುರದಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೋ ಪತ್ರಿಕೋದ್ಯಮದ ಪದವಿಗೋ ಓದುತ್ತಿರುವವರಿಗೆ ಈ ಟಿಪ್ಪಣಿ. ಚಿತ್ರದ ಹೆಸರು, ತಾರೀಖು ಬಾಯಿಪಾಠವಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಆ ಚಿತ್ರದ ಬಗ್ಗೆ ನಿಮ್ಮದೇ ಒಂದು ಮಾತು.

ಕಿರುವಿಮರ್ಶೆ ಎಂದರೆ
ಕಥೆ ಎರಡು ವಾಕ್ಯ ಮೀರಬಾರದು. ಅಭಿಪ್ರಾಯ ಒಂದು, ಅದಕ್ಕೆ ಕಾರಣ ಒಂದು, ಕಾರಣಕ್ಕೆ ಚಿತ್ರದ ಒಳಗಿನದೇ ಒಂದು ಉದಾಹರಣೆ. "ನಟನೆ ಚೆನ್ನಾಗಿದೆ, ಛಾಯಾಗ್ರಹಣ ಸೊಗಸು" ಎಂದು ಬರೆದರೆ ಯಾವ ಚಿತ್ರಕ್ಕೂ ಅಂಟಿಸಬಹುದು. ಅದಕ್ಕೆ ಅಂಕ ಕೊಡಲು ನನಗಂತೂ ಮನಸ್ಸಾಗದು.

ನಮ್ಮ ಭಾಗದವರು ಇನ್ನೊಂದು ಪ್ರಶ್ನೆಯನ್ನೂ ಇಟ್ಟುಕೊಳ್ಳಬೇಕು. ನಮ್ಮ ಮಾತು ಪರದೆಯ ಮೇಲೆ ಯಾರ ಬಾಯಲ್ಲಿ ಬರುತ್ತದೆ? ಬಹುಕಾಲ ಅದು ಹಾಸ್ಯನಟನ ಬಾಯಲ್ಲೇ ಬಂತು. ಅದೂ ಕಲಸುಮೇಲೋಗರ. "ಬರಾಕತ್ತಾನ" ಎಂಬ ಧಾರವಾಡದ ರೂಪವನ್ನೂ "ಬರ್ಲಾಕತ್ತಾನ" ಎಂಬ ಕಲಬುರಗಿ-ಯಾದಗಿರಿಯ ರೂಪವನ್ನೂ ಒಂದೇ ಚೀಲಕ್ಕೆ ತುಂಬಿ 'ಉತ್ತರ ಕರ್ನಾಟಕ ಭಾಷೆ' ಎಂದು ಚೀಟಿ ಅಂಟಿಸಿದರು. ಕೆಳಗಿನ ಮೊದಲ ಮೂರು ಚಿತ್ರಗಳನ್ನು ಆರಿಸಿದ್ದು ಈ ಕಾರಣಕ್ಕೇ.

ಫೋಟೋ (2024, ಮಾರ್ಚ್ 15)
ನಿರ್ದೇಶನ: ಉತ್ಸವ್ ಗೋನವಾರ. ಹಿನ್ನೆಲೆ: ರಾಯಚೂರು ಸೀಮೆ, 2020ರ ಲಾಕ್‌ಡೌನ್.
ಕಥೆ: ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಹುಡುಗ ಬೆಂಗಳೂರಿನಲ್ಲಿ ದುಡಿಯುವ ಅಪ್ಪನ ಬಳಿ ಬರುತ್ತಾನೆ. ಲಾಕ್‌ಡೌನ್ ಆಗುತ್ತದೆ, ಇಬ್ಬರೂ ಊರಿನತ್ತ ನಡೆಯುತ್ತಾರೆ.
ಅಭಿಪ್ರಾಯ: ನಡಿಗೆಯ ದೃಶ್ಯಗಳು ಬಲು ಉದ್ದ ಎಂಬ ಆಕ್ಷೇಪ ಬರಬಹುದು. ನನಗೆ ಆ ಉದ್ದವೇ ಚಿತ್ರದ ವಿಷಯ ಅನ್ನಿಸಿತು. ಕತ್ತರಿಸಿ ಚುರುಕು ಮಾಡಿದ್ದರೆ ಆ ನಾನೂರು ಚಿಲ್ಲರೆ ಕಿಲೋಮೀಟರು ಕೇವಲ ಒಂದು ಹಾಡಾಗಿಬಿಡುತ್ತಿತ್ತು. ಗುಳೆ ಹೋಗುವುದು ಯಾದಗಿರಿಯ ತಾಂಡಾಗಳಿಗೆ, ಸುರಪುರ-ಶಹಾಪುರದ ಹಳ್ಳಿಗಳಿಗೆ ಹೊಸ ಸುದ್ದಿಯಲ್ಲ. ಮುಂಬಯಿ, ಪುಣೆ, ಬೆಂಗಳೂರಿನ ಕಟ್ಟಡಗಳಲ್ಲಿ ಈ ಊರುಗಳ ಬೆವರಿದೆ. ಹಾಗಾಗಿ ಇದನ್ನು 'ಕೋವಿಡ್ ಚಿತ್ರ' ಎಂದು ಬರೆಯಬೇಡಿ, 'ಗುಳೆಯ ಚಿತ್ರ' ಎನ್ನಿ. ಕೊರೊನಾ ಬಂದಿದ್ದು 2020ರಲ್ಲಿ, ಗುಳೆ ಅದಕ್ಕೂ ಬಹಳ ಹಿಂದಿನದು.

ಶಿವಮ್ಮ ಯರೇಹಂಚಿನಾಳ (2024, ಜೂನ್ 14)
ನಿರ್ದೇಶನ: ಜೈಶಂಕರ್ ಆರ್ಯರ್. ನಿರ್ಮಾಣ: ರಿಷಬ್ ಶೆಟ್ಟಿ. ಮುಖ್ಯಪಾತ್ರ: ಶರಣಮ್ಮ ಚೆಟ್ಟಿ. ಊರು: ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ. 2022ರಲ್ಲೇ ಬೂಸಾನ್ ಚಿತ್ರೋತ್ಸವದಲ್ಲಿ 'ನ್ಯೂ ಕರೆಂಟ್ಸ್' ಪ್ರಶಸ್ತಿ. ಪ್ರಶಸ್ತಿಯ ವರ್ಷ ಬೇರೆ, ಬಿಡುಗಡೆಯ ವರ್ಷ ಬೇರೆ. ಬಹುತೇಕರು ಎಡವುವುದು ಇಲ್ಲೇ.
ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು, ಲಕ್ವ ಹೊಡೆದ ಗಂಡ, ಚೈನ್ ವ್ಯಾಪಾರದ ಪೌಷ್ಟಿಕ ಪುಡಿ. ಪುಡಿ ಮಾರಹೊರಟ ಶಿವಮ್ಮನನ್ನು ಚಿತ್ರ ಎಲ್ಲೂ ಗೇಲಿ ಮಾಡುವುದಿಲ್ಲ, ಹಾಗೆಂದು ಹೊತ್ತು ಮೆರೆಸುವುದೂ ಇಲ್ಲ. ಅವಳ ಹಟಕ್ಕೆ ನಗು ಬಂದ ಮರುಕ್ಷಣವೇ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ.

ಹೆಬ್ಬುಲಿ ಕಟ್ (2025, ಜುಲೈ)
ನಿರ್ದೇಶನ: ಭೀಮರಾವ್. ಸುದೀಪ್ ನಟನೆಯ 'ಹೆಬ್ಬುಲಿ' 2017ರದು, ಎರಡನ್ನೂ ಬೆರೆಸಬೇಡಿ.
ಆ 'ಹೆಬ್ಬುಲಿ'ಯ ನಾಯಕನಂತೆ ಕೂದಲು ಕತ್ತರಿಸಿಕೊಳ್ಳುವ ಶಾಲಾ ಹುಡುಗನ ಆಸೆಗೆ ಸಲೂನಿನ ಬಾಗಿಲಲ್ಲಿ ಜಾತಿ ಅಡ್ಡ ನಿಲ್ಲುತ್ತದೆ. ಇಂಥ ಪುಟ್ಟ ಆಸೆಯಿಂದ ಅಷ್ಟು ದೊಡ್ಡ ಮಾತು ಎತ್ತಿದ್ದೇ ಚಿತ್ರದ ಜಾಣ್ಮೆ. ಭಾಷಣ ಮಾಡದೆಯೂ ನಾಟುತ್ತದೆ.

ಕಾಂತಾರ
ಮೊದಲ ಚಿತ್ರ 2022ರ ಸೆಪ್ಟೆಂಬರ್ 30, 'ಅಧ್ಯಾಯ 1' 2025ರ ಅಕ್ಟೋಬರ್ 2. ಇವುಗಳಲ್ಲಿ ಬರುವ ಕರಾವಳಿಯ ಭೂತಕೋಲ ನಮಗೆ ದೂರದ್ದು ಅನ್ನಬೇಡಿ. ಸಂಕ್ರಾಂತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದ ಮಲ್ಲಯ್ಯನ ಜಾತ್ರೆ ನೋಡಿದವರಿಗೆ ಮೈಮೇಲೆ ದೇವರು ಬರುವುದು ಅಪರಿಚಿತವಲ್ಲ. ಮೊದಲ ಚಿತ್ರದ ಕೊನೆಯ ಇಪ್ಪತ್ತು ನಿಮಿಷ ಗೆದ್ದಿದ್ದು ಅದರಿಂದಲೇ. ಅದಕ್ಕೂ ಹಿಂದಿನ ಪ್ರೇಮಪ್ರಸಂಗ ಮಾತ್ರ ಸಾಮಾನ್ಯ ಸರಕು.

ಗೊಂದಲಕ್ಕೆ ಬೀಳುವ ಅಂಕಿಗಳು
70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ: 2022ರ ಚಿತ್ರಗಳಿಗೆ, ಘೋಷಣೆ 2024ರ ಆಗಸ್ಟ್‌ನಲ್ಲಿ. ಅತ್ಯುತ್ತಮ ನಟ ರಿಷಬ್ ಶೆಟ್ಟಿ. 71ನೇದು: 2023ರ ಚಿತ್ರಗಳಿಗೆ, ಘೋಷಣೆ 2025ರ ಆಗಸ್ಟ್ 1, ಅತ್ಯುತ್ತಮ ಕನ್ನಡ ಚಿತ್ರ 'ಕಂದೀಲು'. ವಿಮರ್ಶಕರಿಗೂ ರಾಷ್ಟ್ರ ಪ್ರಶಸ್ತಿ ಉಂಟು; 58ನೇ ಸಾಲಿನಲ್ಲಿ ಎನ್. ಮನು ಚಕ್ರವರ್ತಿ ಅದನ್ನು ಹಂಚಿಕೊಂಡರು. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ', 1934ರ ಮಾರ್ಚ್ 3.

ಸುರಪುರದವರು ಸೇರಿಸಬಹುದಾದ್ದು
ಹಿಂದಿಯ 'ಥಗ್ಸ್ ಆಫ್ ಹಿಂದೋಸ್ತಾನ್' 2018ರ ನವೆಂಬರ್ 8ರಂದು ಬಂತು. ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯೇ ಆಧಾರ ಎಂಬ ಮಾತು ಮೊದಲೇ ಹಬ್ಬಿತ್ತು. ನೋಡಿದರೆ ಹಡಗು, ಕತ್ತಿ, ಫಿರಂಗಿಯ ಕಾಲ್ಪನಿಕ ಸಾಹಸ. ಟೇಲರ್‌ನ ಥಗ್ಗರ ತಣ್ಣನೆಯ ಭಯದ ಸುಳಿವೂ ಇಲ್ಲ. ಅಬ್ಬರಕ್ಕೆ ಖರ್ಚು ಮಾಡಿದ್ದರಲ್ಲಿ ಒಂದಿಷ್ಟು ಚಿತ್ರಕಥೆಗೆ ಹಾಕಿದ್ದರೂ ಸಾಕಿತ್ತು.

ಆ ಟೇಲರ್ 1841ರಿಂದ ಸುಮಾರು ಹನ್ನೆರಡು ವರ್ಷ ಆಂಗ್ಲ ಅಧಿಕಾರಿಯಾಗಿ ಸುರಪುರದಲ್ಲೇ ಇದ್ದ. ಅವನ ಬಂಗಲೆ 'ಟೇಲರ್ ಮಂಜಿಲ್' ಊರಿನ ಗುಡ್ಡದ ಮೇಲಿದೆ. ಅವನ ಕಣ್ಣೆದುರೇ ಬೆಳೆದ ಬಾಲರಾಜ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದ. ನಾಯಕ ಟೇಲರ್‌ನನ್ನು 'ಅಪ್ಪ' ಎನ್ನುತ್ತಿದ್ದ. ಸೆರೆಮನೆಯತ್ತ ಸಾಗಿಸುವಾಗ ನಾಯಕ ದಾರಿಯಲ್ಲೇ ಗುಂಡೇಟಿನಿಂದ ತೀರಿಕೊಂಡ. ಅಲ್ಪಾಯುಷ್ಯ ಎಂದು ಜಾತಕದಲ್ಲಿ ಮೊದಲೇ ಬರೆದಿತ್ತೆಂಬ ಕಥೆಯನ್ನೂ ಟೇಲರ್ ಆತ್ಮಕಥೆಯಲ್ಲಿ ಹೇಳಿದ್ದಾನೆ. ಬ್ರಿಟಿಷರ ವಿರುದ್ಧ ಎದ್ದವರ ಕಥೆಗಳು ತೆರೆಗೆ ಬಂದಿಲ್ಲವೆಂದಲ್ಲ: 'ಕಿತ್ತೂರು ಚೆನ್ನಮ್ಮ' ಪರದೆಗೆ ಬಂದಿದ್ದು 1961ರಲ್ಲಿ, ದರ್ಶನ್ ನಟನೆಯ 'ಸಂಗೊಳ್ಳಿ ರಾಯಣ್ಣ' 2012ರಲ್ಲಿ. 'ಅಪ್ಪ' ಎನಿಸಿಕೊಂಡ ಆಂಗ್ಲ ಅಧಿಕಾರಿ ಮತ್ತು ಸಂಕೋಲೆ ತೊಟ್ಟ ಹುಡುಗ ರಾಜ, ಇವರಿಬ್ಬರ ಕಥೆಯನ್ನು ಆ ಮಟ್ಟದಲ್ಲಿ ತೆರೆಗೆ ತಂದಿದ್ದನ್ನು ನಾನಂತೂ ಇನ್ನೂ ನೋಡಿಲ್ಲ.